ಕಾರ್ಬನ್ ಪೂರ್ತಿ ತೆಗೆದಾಯಿತು, ಆದರೂ ಹೊಸ ರಿಂಗ್ ಗ್ರೂವ್‌ನಲ್ಲಿ ಬಿಗಿಯುತ್ತಿದೆ

ಎಣ್ಣೆಕೈ:
ತಲೆ ಕೆಟ್ಟುಹೋಗಿದೆ. ಪಿಸ್ಟನ್‌ಗಳನ್ನು ತೊಳೆದು, ಕಾರ್ಬನ್ ತೆಗೆದು, ಪಿಸ್ಟನ್ ಸುತ್ತ ಕೊರೆದಿರುವ ಕಾಲುವೆಗಳಿಗೆ (ಗ್ರೂವ್) ಹೊಸ ರಿಂಗ್ ಹಾಕುತ್ತಿದ್ದೇನೆ. ಮೂರರಲ್ಲಿ ರಿಂಗ್ ಸಲೀಸಾಗಿ ತಿರುಗುತ್ತದೆ. ನಾಲ್ಕನೆಯದರಲ್ಲಿ ಮೇಲಿನ ರಿಂಗ್ ಒಂದು ಜಾಗಕ್ಕೆ ಬಂದ ಕೂಡಲೇ ಬಿಗಿಯುತ್ತದೆ. ಬೆರಳಿನಿಂದ ಒತ್ತಿದರೂ ಪೂರ್ತಿ ಒಳಗೆ ಇಳಿಯುವುದಿಲ್ಲ. ಏನು ಮಾಡಲಿ?

ಟಾರ್ಕ್‌ಪ್ರಿಯ:
ರಿಂಗ್ ಸೆಟ್ ತಪ್ಪಾಗಿ ಬಂದಿದೆ. ಅನುಮಾನವೇ ಬೇಡ. ವಾಪಸ್ ಕೊಡಿ.

ಎಣ್ಣೆಕೈ:
ಅದೇ ಸೆಟ್ಟಿನ ರಿಂಗ್ ಉಳಿದ ಮೂರರಲ್ಲಿ ಸರಿಯಾಗಿ ಕೂತಿದೆಯಲ್ಲ ಸರ್.

ಟಾರ್ಕ್‌ಪ್ರಿಯ:
ಪ್ಯಾಕ್ ಮಾಡುವಾಗ ಒಂದು ಮಾತ್ರ ಬೇರೆ ಸೇರಿರುತ್ತದೆ. ಇಲ್ಲವೇ ಎರಡನೆಯ ಗ್ರೂವ್‌ನ ರಿಂಗನ್ನು ಮೇಲೆ ಹಾಕಿದ್ದೀರಿ. ದಪ್ಪ ಅಳೆಯಿರಿ.

ಹಳೆಗಾಡಿ:
ರಿಂಗ್ ದಪ್ಪವಾಗಿದ್ದರೆ ಸುತ್ತಲೂ ಬಿಗಿಯಬೇಕು, ಒಂದೇ ಜಾಗದಲ್ಲಿ ಅಲ್ಲ. ಅದಿರಲಿ, ಯಾವ ಎಂಜಿನ್? ಡೀಸೆಲ್ ಆದರೆ ಮೇಲಿನ ರಿಂಗ್ ಕೀಸ್ಟೋನ್ ಆಕಾರದ್ದಿರಬಹುದು (ಬೆಣೆಯಂತೆ ಓರೆ), ಆಗ ಪರೀಕ್ಷೆಯ ರೀತಿಯೇ ಬೇರೆ. ಕಾರ್ಬನ್ ತೆಗೆದದ್ದು ಯಾವುದರಿಂದ?

ಎಣ್ಣೆಕೈ:
ಪೆಟ್ರೋಲ್, ನಾಲ್ಕು ಸಿಲಿಂಡರ್. ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿದೆ. ಪಿಸ್ಟನ್ ತಲೆಗೆ ಹಸಿರು ಉಜ್ಜುವ ಪ್ಯಾಡ್, ಗ್ರೂವ್‌ಗೆ ಹಿತ್ತಾಳೆ ಬ್ರಷ್. ಎಲ್ಲರೂ ಹೀಗೆಯೇ ಮಾಡುತ್ತಾರಲ್ಲ.

ಬೋಲ್ಟು_ನಟ್ಟು:
ಇಷ್ಟೆಲ್ಲ ಕಷ್ಟ ಯಾಕೆ? ಕಾಸ್ಟಿಕ್ ಸೋಡಾ ಕಲಸಿದ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ, ಕಾರ್ಬನ್ ತಾನಾಗಿ ಬಿಟ್ಟುಕೊಳ್ಳುತ್ತದೆ.

ಹಳೆಗಾಡಿ:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಎರಕದ ಕಬ್ಬಿಣಕ್ಕೆ ಅದು ನಡೆಯುತ್ತದೆ. ಪಿಸ್ಟನ್ ಅಲ್ಯೂಮಿನಿಯಂ. ಸೋಡಾ ಕಾರ್ಬನ್ ಜೊತೆಗೆ ಲೋಹವನ್ನೂ ತಿನ್ನುತ್ತದೆ, ಗುಳ್ಳೆಗಳಾಗಿ ಏಳುವುದು ಹೈಡ್ರೋಜನ್, ಹತ್ತಿರ ಕಿಡಿ ಇದ್ದರೆ ಹತ್ತಿಕೊಳ್ಳುತ್ತದೆ. ಒಮ್ಮೆ ಗ್ರೂವ್ ಅಗಲವಾದರೆ ಆ ಪಿಸ್ಟನ್ ಮುಗಿಯಿತು. ಒಲೆ ತೊಳೆಯುವ ಸ್ಪ್ರೇಗಳಲ್ಲೂ ಬಹುಪಾಲು ಇರುವುದು ಇದೇ ಸೋಡಾ.

ಗೇರುಗಾರ:
ಹಸಿರು ಪ್ಯಾಡ್ ಕೂಡ ತಪ್ಪು. ಅದರಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ಎಣ್ಣೆಯ ಜೊತೆ ಸೇರಿದರೆ ಬೇರಿಂಗ್ ಹಾಳು. ಇಂಥ ಉಜ್ಜುವ ಡಿಸ್ಕ್‌ಗಳನ್ನು ಎಂಜಿನ್ ಭಾಗಗಳಿಗೆ ಬಳಸಬೇಡಿ ಎಂದು ಜನರಲ್ ಮೋಟರ್ಸ್ ತನ್ನ ಸರ್ವಿಸ್ ಬುಲೆಟಿನ್‌ನಲ್ಲಿಯೇ ಎಚ್ಚರಿಸಿದೆ.

ಬೋಲ್ಟು_ನಟ್ಟು:
ಅದು ಯಂತ್ರಕ್ಕೆ ಹಾಕಿ ತಿರುಗಿಸುವ ಡಿಸ್ಕ್‌ನ ಮಾತು. ಪಿಸ್ಟನ್ ಹೊರಗಿದೆ, ಕೈಯಲ್ಲಿ ಉಜ್ಜಿ ತೊಳೆದರೆ ಏನಾಗುತ್ತದೆ?

ಗೇರುಗಾರ:
ಎಣ್ಣೆ ರಿಂಗಿನ (ಸಿಲಿಂಡರ್ ಗೋಡೆಯ ಎಣ್ಣೆ ಸವರುವ ಕೆಳಗಿನ ರಿಂಗ್) ಹಿಂದಿನ ತೂತುಗಳಲ್ಲಿ ಪುಡಿ ನಿಲ್ಲುತ್ತದೆ. ಸುಮ್ಮನೆ ತೊಳೆದರೆ ಅದು ಹೋಗುವುದಿಲ್ಲ.

ಅಲೆಗಾರ:
ಅದಕ್ಕೇ ನಾನು ಅಲ್ಟ್ರಾಸಾನಿಕ್ ಟ್ಯಾಂಕ್ (ದ್ರವದಲ್ಲಿ ಶಬ್ದದ ಅಲೆಗಳಿಂದ ತೊಳೆಯುವುದು) ಇಟ್ಟುಕೊಂಡಿದ್ದೇನೆ. 40 ಕಿಲೋಹರ್ಟ್ಸ್, ಹೀಟರ್ ಬೇರೆ ಇದೆ. ನಾಲ್ಕೂ ಪಿಸ್ಟನ್ ಒಟ್ಟಿಗೆ ಇಳಿಯುತ್ತವೆ. ಈಗ ಇಂಜೆಕ್ಟರ್‌ಗಳಿಗೆ ಬೇರೆ ಬುಟ್ಟಿ ಮಾಡುತ್ತಿದ್ದೇನೆ, ಮುಗಿದ ಮೇಲೆ ಚಿತ್ರ ಹಾಕುತ್ತೇನೆ.

ಹಳೆಗಾಡಿ:
ಟ್ಯಾಂಕಿನ ವಿಷಯ ಆಮೇಲೆ. ಎಣ್ಣೆಕೈ ಅವರೇ, ಬ್ರಷ್‌ನ ಕೂದಲು ಗ್ರೂವ್‌ನ ತಳದ ಮೂಲೆಗೆ ಇಳಿಯುವುದಿಲ್ಲ. ಗಟ್ಟಿ ಕಾರ್ಬನ್ ಉಳಿಯುವುದು ಅಲ್ಲಿಯೇ, ಅದು ರಿಂಗನ್ನು ಹಿಂದಿನಿಂದ ಹೊರಕ್ಕೆ ನೂಕುತ್ತದೆ. ಅದೇ ಗ್ರೂವ್‌ನಿಂದ ಬಿಚ್ಚಿದ ಹಳೆಯ ರಿಂಗನ್ನು ಮುರಿಯಿರಿ, ತುದಿಯನ್ನು ಚೌಕವಾಗಿ ಅರದಿಂದ ತಿಕ್ಕಿ, ಅದರಿಂದಲೇ ತಳವನ್ನು ಕೆರೆಯಿರಿ. ಕಪ್ಪು ಚೂರು ಬರುತ್ತಿರುವವರೆಗೆ ಮಾತ್ರ. ಬೆಳ್ಳಗಿನ ಹೊಳಪಿನ ಸಿಪ್ಪೆ ಕಂಡರೆ ಅದು ಅಲ್ಯೂಮಿನಿಯಂ, ಅಲ್ಲಿಗೇ ನಿಲ್ಲಿಸಿ. ಬಳಿಕ ಹೊಸ ರಿಂಗನ್ನು ಪಿಸ್ಟನ್‌ಗೆ ಹಾಕದೆ, ಅದರ ಹೊರ ಅಂಚನ್ನು ಗ್ರೂವ್‌ನಲ್ಲಿಟ್ಟು ಸುತ್ತಲೂ ಉರುಳಿಸಿ. ಎಲ್ಲಿ ತಡೆಯುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ.

ಟಾರ್ಕ್‌ಪ್ರಿಯ:
ದಪ್ಪ ಅಳೆದಿರಾ?

ಎಣ್ಣೆಕೈ:
ಅಳೆದೆ ಸರ್, ಮೈಕ್ರೋಮೀಟರ್‌ನಲ್ಲಿ ನಾಲ್ಕೂ ಒಂದೇ. ಹಳೆಗಾಡಿಯವರು ಹೇಳಿದಂತೆ ಕೆರೆದಾಗ ಉಗುರಿನಷ್ಟು ಉದ್ದದ ಕಪ್ಪು ಪಟ್ಟಿ ಎದ್ದು ಬಂತು, ಕಲ್ಲಿನಷ್ಟು ಗಟ್ಟಿ. ಈಗ ರಿಂಗ್ ಒಳಗೆ ಪೂರ್ತಿ ಇಳಿಯುತ್ತದೆ. ಆದರೆ ಉರುಳಿಸುವಾಗ ಅದೇ ಜಾಗದಲ್ಲಿ ಇನ್ನೂ ಸ್ವಲ್ಪ ತಡೆಯುತ್ತಿದೆ. ದೀಪದ ಕೆಳಗೆ ನೋಡಿದರೆ ಗ್ರೂವ್‌ನ ಮೇಲಂಚಿನಲ್ಲಿ ಸಣ್ಣ ಏಟಿನ ಗುರುತಿದೆ. ಈ ಎಂಜಿನನ್ನು ಮೊದಲು ಬಿಚ್ಚಿದವರು ಸ್ಕ್ರೂಡ್ರೈವರ್ ಹಾಕಿ ರಿಂಗ್ ಎತ್ತಿರಬೇಕು.

ಹಳೆಗಾಡಿ:
ಹಾಗಾದರೆ ಕಾರಣ ಎರಡು. ಆ ಏಟಿನಿಂದ ಮೇಲೆದ್ದ ಲೋಹದ ಮುಳ್ಳನ್ನಷ್ಟೇ ಸಣ್ಣ ಸೂಜಿ ಅರದಿಂದ ಸವರಿ, ಗ್ರೂವ್‌ನ ಸಮತಟ್ಟಾದ ಗೋಡೆಗೆ ಅರ ತಾಗಬಾರದು. ಬಳಿಕ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ರಿಂಗಿಗೂ ಗೋಡೆಗೂ ನಡುವಿನ ಪಕ್ಕದ ಸಂದನ್ನು ಸುತ್ತಲೂ ಅಳೆದು, ಮ್ಯಾನುವಲ್‌ನಲ್ಲಿರುವ ಮಿತಿಯೊಂದಿಗೆ ಹೋಲಿಸಿ. ಅಂಚು ಬಾಗಿದ್ದರೆ ಅಥವಾ ಬಿರುಕು ಕಂಡರೆ ಆ ಪಿಸ್ಟನ್ ಬೇಡ. ಪಿಸ್ಟನ್ ಯಾವ ದಿಕ್ಕಿಗೆ ಕೂರಬೇಕೆಂದು ತೋರಿಸುವ, ತಲೆಯ ಮೇಲಿನ ಬಾಣದ ಗುರುತು ಉಜ್ಜಿಹೋಗಿಲ್ಲ ತಾನೇ?

ಎಣ್ಣೆಕೈ:
ಬಾಣ ಇದೆ. ಮುಳ್ಳು ಸವರಿದ ಮೇಲೆ ರಿಂಗ್ ಸುತ್ತಲೂ ತಡೆಯಿಲ್ಲದೆ ಉರುಳುತ್ತಿದೆ, ಸಂದೂ ಮಿತಿಯೊಳಗಿದೆ. ಎಣ್ಣೆ ತೂತುಗಳನ್ನು ಒಂದೊಂದಾಗಿ ತಂತಿ ಹಾಕಿ ಬಿಡಿಸುತ್ತಿದ್ದೇನೆ.

ಗೇರುಗಾರ:
ತಂತಿ ಹಾಕಿದ ಮೇಲೆ ಸೋಪುನೀರಿನಲ್ಲಿ ತೊಳೆದು ಗಾಳಿ ಹೊಡೆಯಿರಿ. ಆ ಪ್ಯಾಡಿನ ಪುಡಿಯನ್ನು ನಾನು ಇನ್ನೂ ನಂಬುವುದಿಲ್ಲ.

ಬೋಲ್ಟು_ನಟ್ಟು:
ಅಲೆಗಾರರೇ, ಆ ಟ್ಯಾಂಕಿನಲ್ಲಿ ಸಿಲಿಂಡರ್ ಹೆಡ್ ಹಿಡಿಸುತ್ತದೆಯೇ?