ಕಾಕಸಸ್ ಹೆಂಗಸರ ಕುಣಿತದಲ್ಲಿ ಹೆಜ್ಜೆ ಯಾಕೆ ಕಾಣೋದಿಲ್ಲ?

ಪ್ರಶ್ನೆ (ಕಲಬುರಗಿ):
ಕಾಲೇಜು ಹುಡುಗಿಯರಿಗೆ ಜನಪದ ಕುಣಿತ ಕಲಿಸುತ್ತೇನೆ. ಕಾಕಸಸ್ ಬೆಟ್ಟಗಳ ಸೀಮೆಯ ಜಾರ್ಜಿಯಾ ದೇಶದ ಒಂದು ವಿಡಿಯೊ ನೋಡಿದೆ. ಗಂಡಸರು ಹಾರಿ ಹಾರಿ ಕುಣಿಯುತ್ತಾರೆ, ಹೆಂಗಸರು ಮಾತ್ರ ನೀರಿನ ಮೇಲೆ ತೇಲಿದ ಹಾಗೆ ಹೋಗುತ್ತಾರೆ. ಅದು ಹೇಗೆ ಸಾಧ್ಯ? ಇನ್ನೊಂದು, ಹೆಣ್ಣು ತಲೆ ತಗ್ಗಿಸಿ ಮೆಲ್ಲಗೆ ನಡೀಬೇಕು ಅನ್ನೋದೇ ಇದರ ಮೂಲನಾ? ಹಾಗಿದ್ದರೆ ನಮ್ಮ ಹುಡುಗಿಯರಿಗೆ ತೋರಿಸೋಕೆ ಮನಸ್ಸಿಲ್ಲ.

ಉತ್ತರ 1 (ಬೀದರ್):
ಮೇಡಂ, ನೆಲ ಮುಟ್ಟುವ ಲಂಗದ ಒಳಗೆ ಪಾದ ಸುಮ್ನೆ ಇರೋದಿಲ್ಲ. ಹಿಮ್ಮಡಿ ಎತ್ತಿ, ಪುಟ್ಟ ಪುಟ್ಟ ಹೆಜ್ಜೆ, ಬೇಗ ಬೇಗ. ಸೊಂಟದ ಮೇಲೆ ಏನೂ ಕುಲುಕಬಾರದು. ನನ್ನ ಮಟ್ಟಿಗೆ ಹಾರೋದಕ್ಕಿಂತ ಇದೇ ಜಾಸ್ತಿ ಕಷ್ಟ. 'ಕಾರ್ತುಲಿ' ಅನ್ನೋ ಜೋಡಿ ಕುಣಿತ ನೋಡಿ. ಹೆಣ್ಣಿನ ಕಣ್ಣು ಕೆಳಗಿರುತ್ತದೆ, ನಿಜ. ಆದರೆ ಗಂಡಸು ಅವಳನ್ನು ಮುಟ್ಟೋ ಹಾಗಿಲ್ಲ, ಅವನ ಅಂಗಿಯ ಅಂಚು ಕೂಡ ತಾಗಬಾರದು.

ಉತ್ತರ 2 (ಯಾದಗಿರಿ):
ತಲೆ ತಗ್ಗಿಸೋದೇ ಮೂಲ ಅನ್ನೋದನ್ನ ನಾನು ಒಪ್ಪೋದಿಲ್ಲ ಅಕ್ಕಾ. ಗುಡ್ಡಗಾಡಿನ 'ಖೆವ್ಸುರುಲಿ'ಯಲ್ಲಿ ಗಂಡಸರು ಕತ್ತಿ ಗುರಾಣಿ ಹಿಡಿದು ಹೊಡೆದಾಡುವಾಗ ಒಬ್ಬಳು ಬಂದು ತನ್ನ ತಲೆವಸ್ತ್ರ ನಡುವೆ ಎಸೆಯುತ್ತಾಳೆ, ಅಲ್ಲಿಗೆ ಜಗಳ ನಿಲ್ಲಲೇಬೇಕು. ಇದು ವೇದಿಕೆಗೆ ಅಂತ ಕಟ್ಟಿದ್ದಲ್ಲ, ಆ ಸೀಮೆಯ ಹಳೆ ರೂಢಿ. 'ಸಮಾಯಾ' ಅಂತ ಇನ್ನೊಂದಿದೆ, ಮೂವರು ಹೆಂಗಸರದ್ದು. 1184ರಿಂದ 1213ರವರೆಗೆ ಜಾರ್ಜಿಯಾ ಆಳಿದ ರಾಣಿ ತಮಾರ್‌ಗೆ ಅರ್ಪಿಸಿದ್ದು. ಹಳೇ ಭಿತ್ತಿಚಿತ್ರಗಳಲ್ಲಿ ಅವಳು ಉಟ್ಟಿರೋದನ್ನ ನೋಡಿಯೇ ಉಡುಪು ಮಾಡಿದ್ದಾರೆ. ಅದರಲ್ಲಿ ಗಂಡಸೇ ಇಲ್ಲ. ಆ ನಿಧಾನ ರಾಣಿಯ ಗತ್ತು, ಅಂಜಿಕೆ ಅಲ್ಲ.

ಉತ್ತರ 3 (ಕಲಬುರಗಿ, ತಾಂಡಾದವಳು):
ಇಬ್ಬರೂ ಹೇಳಿದ್ದು ಸರಿ, ಆದರೆ ವಿಡಿಯೊದಲ್ಲಿ ಕಾಣೋದು ಬಹಳಷ್ಟು ವೇದಿಕೆಗೆ ತಿದ್ದಿದ ಕುಣಿತ. ಜಾರ್ಜಿಯಾದ ಹೆಸರಾಂತ ಕುಣಿತದ ತಂಡ ಸುಖಿಶ್ವಿಲಿ ಶುರುವಾಗಿದ್ದೇ 1945ರಲ್ಲಿ. ಊರಲ್ಲಿ ಕುಣಿತ ಇರೋದು ಮದುವೆ, ಹಬ್ಬದ ಜೊತೆ. ಅಜರ್‌ಬೈಜಾನ್, ಅರ್ಮೇನಿಯಾ ಕಡೆ 'ಉಜುಂದಾರಾ' ಮದುಮಗಳ ಕುಣಿತ. ಕಾಕಸಸ್‌ನದೇ ಇನ್ನೊಂದು ಸೀಮೆ ಒಸ್ಸೇತಿಯಾದಲ್ಲಿ ಅಕಾರ್ಡಿಯನ್ ನುಡಿಸುವವರೂ ಬಹಳಷ್ಟು ಹೆಂಗಸರೇ, ಅಂದರೆ ಗಂಡಸರು ಕುಣಿಯೋದೂ ಅವರ ತಾಳಕ್ಕೆ! ನಮ್ಮ ತೀಜ್ ಹಬ್ಬದಲ್ಲೂ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಮೊಳಕೆ ಬೆಳೆಸಿ, ಸುತ್ತ ಹಾಡಿ ಕುಣಿಯುತ್ತಾರೆ. ಹಬ್ಬ ಬಿಟ್ಟು ಬರೀ ಹೆಜ್ಜೆ ಕಲಿತರೆ ಏನು ಸಿಗುತ್ತದೆ ಹೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಸಮಾಯಾ ತೋರಿಸುತ್ತೇನೆ, ರಾಣಿಯ ಕಥೆ ಹೇಳಿಯೇ. ತಾಂಡಾದ ತಂಗಿ, ತೀಜ್ ಹಾಡು ಕಲಿಸೋಕೆ ಒಂದಿನ ನಮ್ಮ ಕಾಲೇಜಿಗೆ ಬರ್ತೀಯಾ?