ಮಧ್ಯಾಹ್ನವಾದರೆ ವೈ ಅಕ್ಷ ಜರುಗುತ್ತದೆ, ಬೆಳಿಗ್ಗೆ ಸರಿ ಇರುತ್ತದೆ (ಮನೆಯಲ್ಲೇ ಕಟ್ಟಿದ ಸಿಎನ್‌ಸಿ, ಕೊಪ್ಪಳ)

ಕೊಪ್ಪಳದ ಬಡಗಿ

ಹದಿನೈದು ದಿನದಿಂದ ತಲೆ ಕೆಟ್ಟುಹೋಗಿದೆ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಬಾಗಿಲು, ಕಿಟಕಿ, ನಾಮಫಲಕ ಮಾಡುವ ಸಣ್ಣ ಅಂಗಡಿ. ಅಪ್ಪ ಉಳಿ ಹಿಡಿದು ಕೆತ್ತುತ್ತಾರೆ, ನನಗೆ ಆ ಕೈ ಬರಲಿಲ್ಲ. ಅದಕ್ಕೇ ಗವಿಮಠದ ಜಾತ್ರೆ ಮುಗಿದ ವಾರ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ ಅಂದರೆ ಸಿಎನ್‌ಸಿ ಕಟ್ಟಲು ಕೂತೆ. ಇಲ್ಲಿಯವರೆಗೆ 26 ಸಾವಿರ ಖರ್ಚಾಗಿದೆ. ಅಪ್ಪನಿಗೆ 18 ಅಂತ ಹೇಳಿದ್ದೇನೆ.

ಫ್ರೇಮು ಗುಜರಿಯಿಂದ ತಂದ ಚೌಕ ಪೈಪಿನದು, ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸಿಕೊಂಡೆ. 16 ಮಿ.ಮೀ. ರಾಡು, ಲೀನಿಯರ್ ಬೇರಿಂಗು. ಟಿ8 ಲೀಡ್ ಸ್ಕ್ರೂ, ಒಂದು ಸುತ್ತಿಗೆ 8 ಮಿ.ಮೀ. ಹೋಗುವಂಥದ್ದು. ಮೂರು ನೆಮಾ 17 ಸ್ಟೆಪ್ಪರ್ ಮೋಟಾರು (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥವು), 1.7 ಆಂಪಿಯರಿನವು. ಆರ್ಡುಯಿನೊ ಉನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡು, ಅದರ ಮೇಲೆ ಸಿಎನ್‌ಸಿ ಶೀಲ್ಡು, ಮೋಟಾರಿಗೆ ಕರೆಂಟು ಹರಿಸುವ ಎ4988 ಡ್ರೈವರುಗಳು, 24 ವೋಲ್ಟಿನ ಪವರ್ ಸಪ್ಲೈ ಅಂದರೆ ಎಸ್‌ಎಂಪಿಎಸ್, ಉನೊ ಒಳಗೆ ಮೋಟಾರುಗಳಿಗೆ ಆಜ್ಞೆ ಕೊಡುವ ಪ್ರೋಗ್ರಾಂ ಜಿಆರ್‌ಬಿಎಲ್ 1.1. ಬಿಟ್ ತಿರುಗಿಸುವ ಸ್ಪಿಂಡಲ್ಲಿಗೆ ದುಡ್ಡು ಉಳಿಯಲಿಲ್ಲ, ಅಂಗಡಿಯಲ್ಲಿ ಅಂಚು ಕೆತ್ತುವ ಹಳೇ ಟ್ರಿಮ್ಮರನ್ನೇ ಕಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಹಚ್ಚಿದ ಕೆಲಸ ಚೆನ್ನಾಗಿ ಬರುತ್ತದೆ. ಮಧ್ಯಾಹ್ನ ಹಚ್ಚಿದರೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆದ ಮೇಲೆ ವೈ ಅಕ್ಷ ಜರುಗಿಬಿಡುತ್ತದೆ. ಒಂದು ಸಲ 6 ಮಿ.ಮೀ., ಇನ್ನೊಂದು ಸಲ 11. ಎಕ್ಸ್ ಮತ್ತು ಝಡ್ ಒಂದು ದಿನವೂ ಕೈ ಕೊಟ್ಟಿಲ್ಲ. ಮೊನ್ನೆ ಸಾಗವಾನಿ ಹಲಗೆ ಮೇಲೆ ಬಳ್ಳಿ ಕೆತ್ತಲು ಹಾಕಿದ್ದೆ. ಎಲೆಯ ಅರ್ಧ ಒಂದು ಕಡೆ, ಉಳಿದರ್ಧ ಪಕ್ಕಕ್ಕೆ. ಅಪ್ಪ ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಸಿಲರೇಶನ್ ಕಡಿಮೆ ಮಾಡಿದೆ, ಫೀಡ್ (ಓಡುವ ವೇಗ) ಕಡಿಮೆ ಮಾಡಿದೆ. ಅದೇ ಕಥೆ.

ಗಂಗಾವತಿ ವೈರ್‌ಮನ್

ಟ್ರಿಮ್ಮರಿನ ನಾಯ್ಸ್ (ವೈರಿನಲ್ಲಿ ಸೇರುವ ಅಡ್ಡ ಸಿಗ್ನಲ್) ಇರಬೇಕು ನೋಡಿ. ಬ್ರಷ್ ಮೋಟಾರು ಕಿಡಿ ಹಾರಿಸುತ್ತದೆ, ಅದರ ವೈರು ಸ್ಟೆಪ್ಪರಿನ ವೈರಿನ ಪಕ್ಕ ಹೋಗಿದ್ದರೆ ಕಷ್ಟ. ನಾನು ಅಕ್ಕಿ ಗಿರಣಿಗಳಲ್ಲಿ ಪ್ಯಾನಲ್ ಕೆಲಸ ಮಾಡುವವನು. ಸೆನ್ಸರ್ ವೈರನ್ನೂ ಮೋಟಾರ್ ವೈರನ್ನೂ ಒಂದೇ ಪೈಪಿನಲ್ಲಿ ಎಳೆದು, ಆಮೇಲೆ ಯಂತ್ರಕ್ಕೆ ದೆವ್ವ ಹಿಡಿದಿದೆ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ವೋಲ್ಟೇಜೂ ನೋಡಿ. ಮಧ್ಯಾಹ್ನ ನಿಮ್ಮ ಕಡೆ ಲೈನ್ ಇಳಿಯುತ್ತದಾ?

ರಾಯಚೂರು ಹವ್ಯಾಸಿ

ಮೋಟಾರನ್ನು ಲೀಡ್ ಸ್ಕ್ರೂಗೆ ಜೋಡಿಸುವ ಕಪ್ಲರಿನ ಅಲೆನ್ ಸ್ಕ್ರೂ ಬಿಗಿ ಇದೆಯಾ? ನನ್ನದರಲ್ಲಿ ಅದೇ ಆಗಿತ್ತು. ಮೋಟಾರಿನ ಶಾಫ್ಟ್ ಮತ್ತು ಕಪ್ಲರ್ ಎರಡಕ್ಕೂ ಸೇರಿಸಿ ಸ್ಕೆಚ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಕೆಲಸ ಕೆಟ್ಟ ಮೇಲೆ ಗೆರೆ ಮುರಿದಿದ್ದರೆ ಕಳ್ಳ ಸಿಕ್ಕ ಹಾಗೆ.

ಕೊಪ್ಪಳದ ಬಡಗಿ

ಇಬ್ಬರಿಗೂ ಥ್ಯಾಂಕ್ಸ್. ಗೆರೆ ಎಳೆದು ನೋಡಿದೆ, ಮುರಿದಿಲ್ಲ. ಎಸ್‌ಎಂಪಿಎಸ್ಸಿನಲ್ಲಿ ಮಧ್ಯಾಹ್ನ ಮೀಟರ್ ಹಿಡಿದರೆ 24.1 ತೋರಿಸುತ್ತದೆ, ಕೆಲಸ ನಡೆಯುವಾಗಲೂ ಅಷ್ಟೇ. ಟ್ರಿಮ್ಮರ್ ವೈರು ಮೇಲಿನಿಂದ ಬೇರೆಯಾಗಿಯೇ ಬರುತ್ತದೆ.

ಬಳ್ಳಾರಿ ಮಷಿನ್ ಮೇಸ್ತ್ರಿ

ನಮಸ್ಕಾರ ರೀ. ನಾನು ಇಲ್ಲಿ ಜೀನ್ಸ್ ಹೊಲಿಯುವ ಕಡೆ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ರಿಪೇರಿ ಮಾಡುತ್ತೇನೆ. ಅದರಲ್ಲೂ ಬಟ್ಟೆಯ ಫ್ರೇಮು ಜರುಗುವುದು ದಿನದ ಗೋಳು.

ನಾಯ್ಸ್ ಅನ್ನುವುದನ್ನು ಊಹೆ ಮಾಡುವುದು ಬೇಡ, ಒಂದೇ ದಿನದಲ್ಲಿ ತೀರ್ಮಾನವಾಗುತ್ತದೆ. ಟ್ರಿಮ್ಮರಿನ ಪ್ಲಗ್ ಕಿತ್ತುಬಿಡಿ. ಬಿಟ್ ತೆಗೆದು ಅಲ್ಲಿ ಒಂದು ಬಾಲ್ ಪೆನ್ ಕಟ್ಟಿ. ಮೇಜಿನ ಮೇಲೆ ಕಾಗದ ಅಂಟಿಸಿ ಸೊನ್ನೆಯಲ್ಲಿ ಒಂದು ಚುಕ್ಕಿ ಇಡಿ. ಅದೇ ಬಳ್ಳಿ ಫೈಲನ್ನು ಗಾಳಿಯಲ್ಲಿ ಓಡಿಸಿ, ಮುಗಿದ ಮೇಲೆ ಸೊನ್ನೆಗೆ ಬಂದು ಮತ್ತೊಂದು ಚುಕ್ಕಿ ಇಡಲಿ. ಬೆಳಿಗ್ಗೆ 7ಕ್ಕೆ ಒಂದು ಸಲ, ಮಧ್ಯಾಹ್ನ 2ಕ್ಕೆ ಒಂದು ಸಲ. ಮಧ್ಯಾಹ್ನದ್ದು ಓಡುವಾಗ ಪಕ್ಕದಲ್ಲೇ ಕೂತು ವೈ ಮೋಟಾರಿನ ಸದ್ದು ಕೇಳಿ. ಮೊಬೈಲ್ ನೋಡುತ್ತಾ ಕೂರಬೇಡಿ.

ಜೊತೆಗೆ ಎರಡು ಡಾಲರ್ ಚಿಹ್ನೆ ಒತ್ತಿ ಎಂಟರ್ ಕೊಟ್ಟರೆ ಬರುವ ಸೆಟ್ಟಿಂಗ್ ಪಟ್ಟಿ ಹಾಕಿ. ಕಂಟ್ರೋಲರ್ ಎಲ್ಲಿ ಇಟ್ಟಿದ್ದೀರಿ ಅದನ್ನೂ ಹೇಳಿ.

ಕೊಪ್ಪಳದ ಬಡಗಿ

ಅಣ್ಣಾ, ಮಾಡಿದೆ. ಬೆಳಿಗ್ಗೆ ಚುಕ್ಕಿ ಮೇಲೆ ಚುಕ್ಕಿ ಬಿತ್ತು. ಮಧ್ಯಾಹ್ನ ಟ್ರಿಮ್ಮರ್ ಇಲ್ಲದೆಯೂ 9 ಮಿ.ಮೀ. ಆಚೆ ಬಿತ್ತು.

ಸದ್ದಿನ ವಿಷಯ ನೀವು ಹೇಳಿದ್ದು ಒಳ್ಳೆಯದಾಯಿತು. ಸುಮಾರು 35ನೇ ನಿಮಿಷಕ್ಕೆ ವೈ ಮೋಟಾರಿನ ಗುಂಯ್ ಅನ್ನುವುದು ಟಕ್ ಅಂತ ನಿಂತಿತು. ಎಕ್ಸ್ ಓಡುತ್ತಲೇ ಇತ್ತು. ಒಂದು ಕ್ಷಣ ಬಿಟ್ಟು ವೈ ಮತ್ತೆ ಶುರುವಾಯಿತು, ಏನೂ ಆಗದವರ ಹಾಗೆ. ಆ ಹೊತ್ತಿಗೆ ಮೇಜಿನ ಮೇಲೆ ಕೈ ಇಟ್ಟಿದ್ದೆ, ಅದು ಸಡಿಲ ಬಿಟ್ಟಿದ್ದು ಗೊತ್ತಾಯಿತು.

ಸೆಟ್ಟಿಂಗ್‌ನಲ್ಲಿ ಮುಖ್ಯವಾದವು:
$1=255
$100=800, $101=800, $102=800 (ಒಂದು ಮಿ.ಮೀ.ಗೆ ಎಷ್ಟು ಪಲ್ಸ್)
$110=1500, $111=1500 (ವೇಗ, ನಿಮಿಷಕ್ಕೆ ಮಿ.ಮೀ.)
$120=100, $121=50 (ಅಕ್ಸಿಲರೇಶನ್)

ಕಂಟ್ರೋಲರ್ ಇಟ್ಟಿರುವುದು... ನಗಬೇಡಿ. ಮರದ ಹೊಟ್ಟು ಬೀಳಬಾರದು ಅಂತ ಅವ್ವನ ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದ್ದೇನೆ. ಅಂಗಡಿ ಪತ್ರಾಸ್ ಶೆಡ್ಡು.

ಗಂಗಾವತಿ ವೈರ್‌ಮನ್

ಕೊಪ್ಪಳದ ಬಿಸಿಲು, ಮೇಲೆ ಪತ್ರಾಸು, ಅದರ ಕೆಳಗೆ ಮುಚ್ಚಿದ ಡಬ್ಬಿ. ರೊಟ್ಟಿಯೇ ಬೇಯುತ್ತದೆ ರೀ! ನಾಯ್ಸ್ ಅಂದ ನನ್ನ ಮಾತು ವಾಪಸ್.

ಬಳ್ಳಾರಿ ಮಷಿನ್ ಮೇಸ್ತ್ರಿ

ಬಿಸಿ ಅನ್ನುವುದು ಹೌದು. ಡ್ರೈವರ್ ಚಿಪ್ ಮಿತಿ ಮೀರಿ ಕಾದರೆ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ, ಆರಿದ ಮೇಲೆ ಮತ್ತೆ ಶುರುವಾಗುತ್ತದೆ. ನೀವು ಕೇಳಿದ ಟಕ್ ಅದೇ. ಜಿಆರ್‌ಬಿಎಲ್‌ಗೆ ಇದು ಗೊತ್ತಾಗುವುದೇ ಇಲ್ಲ. ಅದು ಪಲ್ಸ್ ಕಳಿಸುತ್ತಾ ಹೋಗುತ್ತದೆ, ಮೋಟಾರು ತಿರುಗಿತೋ ಇಲ್ಲವೋ ಕೇಳುವುದಿಲ್ಲ. ಅದಕ್ಕೇ ಅಲಾರಂ ಬರದೆ ಸುಮ್ನೆ ಜರುಗುತ್ತದೆ.

ಆದರೆ ಡಬ್ಬಿಯನ್ನಷ್ಟೇ ಬೈದು ಬಿಡಬೇಡಿ. ನಿಮ್ಮ ಪಟ್ಟಿಯಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಬೇರೆ. ಆ 800 ಎಲ್ಲಿಂದ ಬಂತು? ಹೆಜ್ಜೆಯನ್ನು ಎಷ್ಟು ತುಂಡು ಮಾಡಬೇಕು ಅಂತ ಹೇಳುವ ಜಂಪರ್ ಡ್ರೈವರ್ ಕೆಳಗೆ ಎಷ್ಟು ಹಾಕಿದ್ದೀರಿ? ಮೋಟಾರಿನ ಕರೆಂಟಿಗೆ ಮಿತಿ ಹಾಕುವ ವೋಲ್ಟೇಜು, ಅಂದರೆ ವಿರೆಫ್, ಎಷ್ಟು ಇಟ್ಟಿದ್ದೀರಿ?

ಕೊಪ್ಪಳದ ಬಡಗಿ

ಜಂಪರ್ ಮೂರೂ ಹಾಕಿದ್ದೇನೆ. ವಿರೆಫ್ 0.8 ವೋಲ್ಟ್. ಎ4988ಕ್ಕೆ 0.8 ಇಟ್ಟರೆ 1 ಆಂಪಿಯರ್ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದರು. ಮೋಟಾರು 1.7ರದ್ದಲ್ವಾ, 1 ಇಟ್ಟರೆ ತಂಪಾಗಿರುತ್ತದೆ ಅಂದುಕೊಂಡೆ.

800 ನಾನೇ ಅಳತೆ ಮಾಡಿ ಹಾಕಿದ್ದು. ಮೊದಲಿಗೆ ಅದರಲ್ಲಿ 250 ಇತ್ತು. 100 ಮಿ.ಮೀ. ಹೋಗು ಅಂದರೆ 31 ಚಿಲ್ಲರೆ ಹೋಯಿತು. ಲೆಕ್ಕ ಹಾಕಿದರೆ 800 ಬಂತು, ಹಾಕಿದೆ, ಅಳತೆ ಸರಿಯಾಯಿತು. ವಿಡಿಯೊದವರದು 400 ಇತ್ತು. ನನ್ನ ಸ್ಕ್ರೂ ಬೇರೆ ತರದ್ದಿರಬೇಕು ಅಂತ ಬಿಟ್ಟೆ.

ಬಳ್ಳಾರಿ ಮಷಿನ್ ಮೇಸ್ತ್ರಿ

ಬಿಟ್ಟಿದ್ದೇ ತಪ್ಪಾಯಿತು ನೋಡಿ. ಈಗ ನನ್ನ ಜೊತೆ ಲೆಕ್ಕ ಹಾಕಿ.

ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ. ಎ4988ರಲ್ಲಿ ಮೂರೂ ಜಂಪರ್ ಹಾಕಿದರೆ ಒಂದೊಂದು ಹೆಜ್ಜೆ 16 ತುಂಡಾಗುತ್ತದೆ. 200 ಗುಣಿಸು 16, 3200. ಸ್ಕ್ರೂ ಸುತ್ತಿಗೆ 8 ಮಿ.ಮೀ., ಅಂದರೆ ಮಿ.ಮೀ.ಗೆ 400. ವಿಡಿಯೊದವರು ಹೇಳಿದ್ದು ಸರಿ ಇದೆ. ನಿಮಗೆ 800 ಬರಬೇಕಾದರೆ ಸ್ಕ್ರೂ ಸುತ್ತಿಗೆ 4 ಮಿ.ಮೀ. ಹೋಗಬೇಕು, ಇಲ್ಲವೇ ಹೆಜ್ಜೆ 32 ತುಂಡಾಗಬೇಕು. ಎ4988ಗೆ 32 ಬರುವುದೇ ಇಲ್ಲ, 16ಕ್ಕೆ ಮುಗಿಯಿತು. ಮೂರು ಜಂಪರಿಗೆ 32 ಮಾಡುವುದು ಡಿಆರ್‌ವಿ8825.

ನಿಮ್ಮ ಕೈಯಲ್ಲಿರುವುದು ಎ4988 ಅಲ್ಲ ಅಂತ ನನ್ನ ಅನುಮಾನ.

ಹಾಗಿದ್ದರೆ ಉಳಿದದ್ದೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಡಿಆರ್‌ವಿ8825ಕ್ಕೆ ವಿರೆಫ್ ಲೆಕ್ಕವೇ ಬೇರೆ, ವಿರೆಫ್‌ನ ಎರಡರಷ್ಟು ಕರೆಂಟು. 0.8 ಇಟ್ಟಿದ್ದೀರಿ, 1.6 ಆಂಪಿಯರ್ ಹೋಗುತ್ತಿದೆ. ಗಾಳಿ ಬೀಸದೆ ಆ ಪುಟ್ಟ ಬೋರ್ಡು ತಡೆಯುವುದು ಸುಮಾರು 1.5 ತನಕ, ಅದೂ ತಂಪಾದ ಜಾಗದಲ್ಲಿ. ನಿಮ್ಮದು ಹಿಟ್ಟಿನ ಡಬ್ಬಿ. ಮೇಲೆ $1=255 ಇರುವುದರಿಂದ ಮೋಟಾರು ನಿಂತಾಗಲೂ ಕರೆಂಟು ಹರಿಯುತ್ತಲೇ ಇರುತ್ತದೆ.

ನೋಡುವ ಕ್ರಮ: ಮೊದಲು ಪವರ್ ಬಂದ್, ಯುಎಸ್‌ಬಿಯನ್ನೂ ಕೀಳಿ. ಎರಡು ನಿಮಿಷ ಬಿಡಿ. ಡ್ರೈವರ್ ಮೇಲೆ ಬಿಸಿ ಹೊರಹಾಕಲು ಅಂಟಿಸಿದ ಹೀಟ್ ಸಿಂಕ್ ಮೆಲ್ಲಗೆ ಎತ್ತಿ, ಚಿಪ್ ಮೇಲಿನ ಅಕ್ಷರವನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ಬೋರ್ಡಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಅಗ್ಗದ ಬೋರ್ಡುಗಳಲ್ಲಿ ಬಣ್ಣಕ್ಕೆ ಅರ್ಥವಿಲ್ಲ. ಪವರ್ ಇದ್ದಾಗ ಮೋಟಾರಿನ ವೈರು ಕೀಳಬೇಡಿ, ಡ್ರೈವರ್ ಸತ್ತುಹೋಗುತ್ತದೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದು.

ಕೊಪ್ಪಳದ ಬಡಗಿ

ಅಣ್ಣಾ, ಸಿಂಕ್ ಎತ್ತುವ ಕೆಲಸವೇ ಬೀಳಲಿಲ್ಲ. ವೈ ಡ್ರೈವರಿನ ಸಿಂಕ್ ಜಾಗದಲ್ಲೇ ಇರಲಿಲ್ಲ! ಡಬ್ಬಿಯ ತಳದಲ್ಲಿ ಬಿದ್ದಿತ್ತು, ಅಂಟು ಬೆಲ್ಲದ ಪಾಕದ ಹಾಗೆ ಮೆತ್ತಗಾಗಿತ್ತು. ಎಕ್ಸ್, ಝಡ್ ಸಿಂಕ್ ಗಟ್ಟಿ ಕೂತಿವೆ. ವೈ ಒಂದೇ ಯಾಕೆ ಕೆಡುತ್ತಿತ್ತು ಅಂತ ಈಗ ತಿಳಿಯಿತು.

ಬರಿಯ ಚಿಪ್ ಕಣ್ಣ ಮುಂದೆಯೇ ಇತ್ತು, ಓದಿದೆ. ಡಿಆರ್‌ವಿ8825. ಪ್ಯಾಕೆಟ್ ಮೇಲೆ ಎ4988 ಅಂತಲೇ ಚೀಟಿ ಇದೆ. ಇನ್ನೊಂದು ಈಗ ನೆನಪಾಯಿತು. ವಿಡಿಯೊದಲ್ಲಿ ವಿರೆಫ್ ತಿರುಗಿಸುವ ಸ್ಕ್ರೂ ಒಂದು ತುದಿಯಲ್ಲಿತ್ತು, ನನ್ನದರಲ್ಲಿ ಆಚೆ ತುದಿಯಲ್ಲಿತ್ತು. ಕಂಪನಿ ಬೇರೆ ಇರಬೇಕು ಅಂದುಕೊಂಡಿದ್ದೆ.

ಬಳ್ಳಾರಿ ಮಷಿನ್ ಮೇಸ್ತ್ರಿ

ಆ ಸ್ಕ್ರೂ ನೋಡಿಕೊಂಡು ಬೋರ್ಡ್ ಕೂರಿಸಿದ್ದರೆ ಉಲ್ಟಾ ಕೂತು ಹೊಗೆ ಬರುತ್ತಿತ್ತು. ಇಎನ್ ಅಂತ ಬರೆದ ಪಿನ್ ನೋಡಿ ಕೂರಿಸಿದ್ದೀರಿ, ಬಚಾವು. ಬಿದ್ದ ಸಿಂಕ್ ಪಿನ್ನುಗಳ ಮೇಲೆ ಮಲಗಲಿಲ್ಲ, ಅದೂ ಬಚಾವು.

ಈಗ ಮಾಡಬೇಕಾದದ್ದು. ವಿರೆಫ್ 0.55ಕ್ಕೆ ಇಳಿಸಿ, 1.1 ಆಂಪಿಯರ್ ಆಗುತ್ತದೆ. ನಿಮ್ಮ ಮೇಜಿಗೆ ಸಾಕು, ಸಾಲದಿದ್ದರೆ 0.6. ಅಳೆಯುವಾಗ 24 ವೋಲ್ಟ್ ಆನ್ ಇರಲೇಬೇಕು. ಈ ಚಿಪ್ ವಿರೆಫ್ ಅನ್ನು ಮೋಟಾರ್ ಸಪ್ಲೈಯಿಂದಲೇ ಮಾಡಿಕೊಳ್ಳುತ್ತದೆ, ಬರೀ ಯುಎಸ್‌ಬಿ ಕೊಟ್ಟರೆ ಮೀಟರಿನ ಅಂಕಿ ನಂಬುವ ಹಾಗಿಲ್ಲ. ಮೀಟರಿನ ಕಪ್ಪು ಗ್ರೌಂಡಿಗೆ, ಕೆಂಪು ಆ ಸ್ಕ್ರೂ ತಲೆಗೆ. ಕೂದಲೆಳೆಯಷ್ಟು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ. ಸ್ಕ್ರೂಡ್ರೈವರ್ ಜಾರಿದರೆ ಮುಗಿಯಿತು.

ಪವರ್ ಬಂದ್ ಮಾಡಿ ಡ್ರೈವರ್ ತೆಗೆದಾಗ ಜಂಪರಿನಲ್ಲಿ ಎಂ2 ಒಂದನ್ನೇ ಉಳಿಸಿ, ಎಂ0 ಮತ್ತು ಎಂ1 ಕಿತ್ತುಬಿಡಿ. ಆಗ 16 ತುಂಡಾಗುತ್ತದೆ, $100ರಿಂದ $102ರ ತನಕ 400 ಹಾಕಿ. ಉನೊ ಮೇಲೆ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30 ಸಾವಿರ ಪಲ್ಸ್ ಕೊಡಬಲ್ಲದು. ನಿಮ್ಮ 1500 ವೇಗಕ್ಕೆ ಈಗಾಗಲೇ 20 ಸಾವಿರ ತಿನ್ನುತ್ತಿದೆ, 400 ಮಾಡಿದರೆ ಅರ್ಧಕ್ಕೆ ಇಳಿಯುತ್ತದೆ. 32ರಿಂದ ಮರದ ಕೆಲಸಕ್ಕೆ ಏನೂ ಲಾಭವಿಲ್ಲ.

ಡಬ್ಬಿಗೆ ಎರಡು ತೂತು, ಒಂದು ಕಡೆ ಫ್ಯಾನು. 12 ವೋಲ್ಟಿನ ಫ್ಯಾನನ್ನು ನೇರ 24ಕ್ಕೆ ಕೊಟ್ಟು ಸುಡಬೇಡಿ. 24ರದ್ದೇ ತನ್ನಿ, ಇಲ್ಲವೇ ಒಂದೇ ತರದ ಎರಡನ್ನು ಸಾಲಾಗಿ ಜೋಡಿಸಿ. ಗಾಳಿ ಒಳಗೆ ಬರುವ ತೂತಿಗೆ ಹಳೇ ಪಂಚೆಯ ತುಂಡು ಕಟ್ಟಿದರೆ ಹೊಟ್ಟು ಬರುವುದಿಲ್ಲ, ವಾರಕ್ಕೊಮ್ಮೆ ಝಾಡಿಸಿ. ಸಿಂಕ್ ಅಂಟಿಸುವ ಮುಂಚೆ ಚಿಪ್ ಒರೆಸಿ, ಹೊಸ ಥರ್ಮಲ್ ಟೇಪ್ ಹಾಕಿ. ಫೆವಿಕ್ವಿಕ್ ಬೇಡ.

ಕೊಪ್ಪಳದ ಬಡಗಿ

ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ, ಫ್ಯಾನು ಸಿಗುವುದು ತಡವಾಯಿತು.

ವಿರೆಫ್ 0.55, ಜಂಪರ್ ಎಂ2 ಒಂದೇ, 400. ನಿನ್ನೆ ಬೇಕಂತಲೇ ಮಧ್ಯಾಹ್ನ 1:30ಕ್ಕೆ ಶುರು ಮಾಡಿದೆ. ಪೆನ್ ಕಟ್ಟಿ ಅದೇ ಬಳ್ಳಿ ಮೂರು ಸಲ, ಒಟ್ಟು ಎರಡೂವರೆ ಗಂಟೆ. ಮೂರು ಸಲವೂ ಅದೇ ಚುಕ್ಕಿ ಮೇಲೆ ಬಂದು ನಿಂತಿತು, ಕಾಗದ ತೂತಾಗಿದೆ. ಮೋಟಾರು ಮೊದಲು ಮುಟ್ಟಿದರೆ ಕೈ ಸುಡುತ್ತಿತ್ತು, ಈಗ ಬೆಚ್ಚಗಿದೆ ಅಷ್ಟೇ. ಇವತ್ತು ಎಂಡಿಎಫ್ ಮೇಲೆ ಟ್ರಿಮ್ಮರ್ ಹಚ್ಚಿ ಕೆತ್ತಿದೆ, ಎಲೆ ಪೂರ್ತಿ ಬಂತು. ದಿಕ್ಕು ಬದಲಿಸುವ ಕಡೆ ಕೂದಲಷ್ಟು ಸಂದು ಕಾಣುತ್ತದೆ, ಅದು ಸ್ಕ್ರೂ ನಟ್ಟಿನ ಆಟ ಇರಬೇಕು. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.

ಅವ್ವನಿಗೆ ಹೊಸ ಹಿಟ್ಟಿನ ಡಬ್ಬಿ ತಂದುಕೊಟ್ಟೆ. ಖರ್ಚು 26 ಸಾವಿರದ 400.

ರಾಯಚೂರು ಹವ್ಯಾಸಿ

ಇದನ್ನೆಲ್ಲ ಓದಿ ನನ್ನದೂ ಬಿಚ್ಚಿ ನೋಡಿದೆ. ಜಂಪರ್ ಮೂರೂ ಇವೆ, $100 400 ಇದೆ, ಅಳತೆಯೂ ಸರಿ ಬರುತ್ತದೆ. ಹಾಗಾದರೆ ನನ್ನದು ನಿಜವಾದ ಎ4988 ತಾನೇ?

ಬಳ್ಳಾರಿ ಮಷಿನ್ ಮೇಸ್ತ್ರಿ

ನಿಮ್ಮ ಸ್ಕ್ರೂ ಸುತ್ತಿಗೆ 8 ಮಿ.ಮೀ. ಹೋಗುವುದಾದರೆ 16 ತುಂಡು ಮಾಡುವ ಚಿಪ್ ಅನ್ನುವುದು ಗ್ಯಾರಂಟಿ. ಕೈಯಲ್ಲಿ ಒಂದು ಸುತ್ತು ತಿರುಗಿಸಿ ಅಳೆದುಕೊಳ್ಳಿ. ಹಾಗೇ ಸಿಂಕ್ ಗಟ್ಟಿ ಕೂತಿದೆಯಾ ಅದನ್ನೂ ಒಮ್ಮೆ ಅಲ್ಲಾಡಿಸಿ ನೋಡಿ, ರಾಯಚೂರಿನ ಬಿಸಿಲೇನು ಕೊಪ್ಪಳಕ್ಕಿಂತ ಕಡಿಮೆಯೇ?