ಹತ್ತೊಂಬತ್ತು ಜನ ಜೂನ್ 1ಕ್ಕೇ ಹುಟ್ಟಿದ್ದಾರೆ, ಕೇಕ್ ಎಷ್ಟು ತರಿಸಲಿ?

ಲೆಕ್ಕದವಳು, ಚಿಕ್ಕಮಗಳೂರು

ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ) ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಸಂಬಳ, ಭವಿಷ್ಯನಿಧಿ, ರಜೆ, ಜೊತೆಗೆ ಯಾರಿಗೂ ಬೇಡವಾದ ಕೆಲಸಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತವೆ. ಈ ಸಲ ಬಿದ್ದಿರುವುದು ಹುಟ್ಟುಹಬ್ಬ. ಬೆಂಗಳೂರಿನಿಂದ ಬಂದ ಹೊಸ ಮ್ಯಾನೇಜರಿಗೆ ಎಲ್ಲ ನೌಕರರ ಜನ್ಮದಿನದ ಪಟ್ಟಿ ಬೇಕಂತೆ, ಗೋಡೆಗೆ ಅಂಟಿಸುವುದಕ್ಕೆ.

ಪಟ್ಟಿ ತೆಗೆದೆ. ಒಟ್ಟು 64 ಜನ. ಅದರಲ್ಲಿ 19 ಮಂದಿ ಜೂನ್ 1ರಂದು ಹುಟ್ಟಿದವರು! ನಾನೂ ಅವರಲ್ಲೊಬ್ಬಳು. ಅಮ್ಮನನ್ನು ಕೇಳಿದರೆ ನಾನು ಹುಟ್ಟಿದ್ದು ದೀಪಾವಳಿಗೆ ನೀರು ತುಂಬುವ ಹಬ್ಬದ ಹಿಂದಿನ ರಾತ್ರಿ.

ಅಸಲು ಸಂಕಟ ಬೇರೆ. ಹೋದ ವರ್ಷ ಕಚೇರಿಯ ಒಬ್ಬರ ಹುಟ್ಟುಹಬ್ಬಕ್ಕೆ ಕೇಕ್ ತರಿಸಿದ್ದೆವು. ಚಪ್ಪಾಳೆ ತಟ್ಟುವ ಹೊತ್ತಿಗೆ, ಗಾರ್ಬಲ್ ಕೋಣೆಯಲ್ಲಿ ಕಪ್ಪು ಬೀಜ ಆರಿಸುವ ಹೆಂಗಸೊಬ್ಬಳು ಕುಡಿಯುವ ನೀರಿಗೆಂದು ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ತುಂಡು ಕೊಟ್ಟೆವು. ಆಕೆ ಅದನ್ನು ತಿನ್ನದೆ ಸೆರಗಿನ ಮರೆಯಲ್ಲಿ ಒಯ್ದು ತನ್ನ ಸಾಲಿನ ಎಂಟು ಜನಕ್ಕೆ ಚಿವುಟಿ ಹಂಚಿದಳಂತೆ. ಅಂದಿನಿಂದ ಕೇಕಿನ ಡಬ್ಬಿ ಕಂಡರೆ ನನಗೆ ಮುಜುಗರ. ಇನ್ನೊಬ್ಬ ಸಹೋದ್ಯೋಗಿಯ ಗಂಡ ತೀರಿಕೊಂಡದ್ದು ಅವಳ ಹುಟ್ಟುಹಬ್ಬದ ವಾರದಲ್ಲೇ. ಅವಳ ಹೆಸರನ್ನು ಗೋಡೆಗೆ ಹಾಕುವುದು ಹೇಗೆ?

ಅದೂ ಅಲ್ಲದೆ ಜೂನ್ ಬರುವ ಹೊತ್ತಿಗೆ ನಮ್ಮಲ್ಲಿ ಹಂಗಾಮು ಇಳಿದು, ಬೀಜ ಆರಿಸುವವರಲ್ಲಿ ಅರ್ಧದಷ್ಟು ಜನ ಮನೆಗೆ ಹೋಗಿರುತ್ತಾರೆ. ನಿಮ್ಮಲ್ಲಿ ಏನು ಮಾಡುತ್ತೀರಿ?

ನಿವೃತ್ತ ಮೇಷ್ಟರು, ಅರಸೀಕೆರೆ

ಆ ಹತ್ತೊಂಬತ್ತರಲ್ಲಿ ನಾಲ್ಕೈದು ನನ್ನ ಕೈಬರಹವೇ ಇರಬಹುದು, ಕ್ಷಮಿಸಿ. ಶಾಲೆ ಶುರುವಾಗುತ್ತಿದ್ದುದು ಜೂನ್ ಹೊತ್ತಿಗೆ. ಅಪ್ಪ ಮಗುವಿನ ಕೈ ಹಿಡಿದು ತಂದು ನಿಲ್ಲಿಸುತ್ತಿದ್ದ. ಯಾವಾಗ ಹುಟ್ಟಿದ್ದು ಎಂದರೆ, ‘ದೊಡ್ಡ ಮಳೆಯ ವರ್ಷ ಸ್ವಾಮಿ’ ಎನ್ನುತ್ತಿದ್ದ. ಮಗುವಿನ ಬಲಗೈ ನೆತ್ತಿಯ ಮೇಲಿಂದ ಎಡಗಿವಿಯನ್ನು ಮುಟ್ಟಿದರೆ ಒಂದನೇ ತರಗತಿಗೆ ಆಯಿತು ಎಂದು ಲೆಕ್ಕ. ವಯಸ್ಸು ಸರಿಹೊಂದುವಂತೆ ಇಸವಿ ಹಾಕಿ, ಮುಂದೆ ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ಜನನ ಮರಣ ನೋಂದಣಿ ಕಾಯಿದೆ 1969ರಲ್ಲೇ ಬಂದಿತ್ತು, ನಿಜ. ಆದರೆ ತೋಟದ ಲೈನುಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಕೂಸನ್ನು ಬರೆಸುವುದಕ್ಕೆ ಯಾರು ಹೋಗುತ್ತಿದ್ದರು?

ಒಂದು ಎಚ್ಚರಿಕೆ. ಭವಿಷ್ಯನಿಧಿಯ ದಾಖಲೆಗೆ ಕೈ ಹಾಕಬೇಡಿ. 58ಕ್ಕೆ ಪಿಂಚಣಿ ಲೆಕ್ಕವಾಗುವುದು ಆ ಜೂನ್ 1ರಿಂದಲೇ. ಅಲ್ಲಿ ಜನ್ಮದಿನ ತಿದ್ದಿಸಲು ಒಪ್ಪುವ ಪುರಾವೆಗಳ ಪಟ್ಟಿಯಿಂದ 2024ರ ಜನವರಿಯಲ್ಲಿ ಆಧಾರನ್ನೂ ತೆಗೆದಿದ್ದರು. ನಿಜವಾದ ದಿನಕ್ಕೆ ಬೇರೆಯೇ ಒಂದು ನೋಟ್‌ಬುಕ್ ಇಡಿ. ಗೋಡೆಗೆ ಹಾಕುವುದೇ ಆದರೆ ಇಸವಿ ಬೇಡ.

ಹೊಲಿಗೆ ವಿಭಾಗ, ಹಾಸನ

ನಾನು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಈ ಹಿಂದೆ ಇದ್ದ ಕಡೆ ತಿಂಗಳಿಗೊಂದು ದಿನ ಎಲ್ಲರದೂ ಸೇರಿಸಿ ಕೇಕ್ ಕತ್ತರಿಸುತ್ತಿದ್ದರು, ಅದಕ್ಕೆ ಸಂಬಳದಲ್ಲಿ ಇಪ್ಪತ್ತು ರೂಪಾಯಿ ಹಿಡಿಯುತ್ತಿದ್ದರು! ಕೇಕ್ ಸಿಗುತ್ತಿದ್ದುದು ಮುಂದಿನ ಎರಡು ಸಾಲಿನವರಿಗೆ. ಹಿಂದಿನವರಿಗೆ ಖಾಲಿ ರಟ್ಟು. ಚಪ್ಪಾಳೆಗೆ ಹೋದ ಹತ್ತು ನಿಮಿಷವನ್ನು ಸಂಜೆ ಟಾರ್ಗೆಟ್ಟಿನಲ್ಲಿ ಮತ್ತೆ ವಸೂಲಿ ಮಾಡುತ್ತಿದ್ದರು.

ಈಗ ಇರುವಲ್ಲಿ ನಮ್ಮ ಹೆಂಗಸರನ್ನೇ ಕೇಳಿದೆ. ಒಬ್ಬಳೂ ಕೇಕ್ ಎನ್ನಲಿಲ್ಲ. ಒಂದು ಗಂಟೆ ಮೊದಲು ಬಿಟ್ಟರೆ ಸಾಕು, ಬೆಳಕಿರುವಾಗಲೇ ಮನೆ ಸೇರಬಹುದು ಎಂದರು.

ಸಕಲೇಶಪುರದವನು

ಸೋಮವಾರ, ಶನಿವಾರ, ಶ್ರಾವಣ ಎಂದು ನೋಡುತ್ತಾ ಹೋದರೆ ಮೊಟ್ಟೆಯ ಕೇಕಿಗೆ ಮುಹೂರ್ತವೇ ಸಿಗುವುದಿಲ್ಲ. ಹೋಳಿಗೆ ಮಾಡಿಸಿ.

ಲೆಕ್ಕದವಳು, ಚಿಕ್ಕಮಗಳೂರು

ಮೇಷ್ಟರೇ, ನಿಮ್ಮ ಮಾತಿನಂತೆ ನೋಟ್‌ಬುಕ್ ಹಿಡಿದು ಗಾರ್ಬಲ್ ಕೋಣೆಗೆ ಹೋದೆ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ, ಮಧ್ಯಾಹ್ನ ಪೂರ್ತಿ ಹಿಡಿಯಿತು. ಒಬ್ಬಳು ಯುಗಾದಿಯ ಮರುದಿನ, ಇನ್ನೊಬ್ಬಳು ಸುಗ್ಗಿ ಹಬ್ಬದ ಕೊಂಡದ ದಿನ. ಒಬ್ಬಳಿಗೆ ಏನೂ ಗೊತ್ತಿಲ್ಲ, ‘ನಿಮ್ಮದೇ ದಿನ ನನಗೂ ಬರೆದುಕೊಳ್ಳಿ ಅಕ್ಕ’ ಎಂದಳು. ಬರೆದುಕೊಂಡೆ, ದೀಪಾವಳಿಗೆ ಈಗ ನಾವಿಬ್ಬರು. ಎಲ್ಲರಿಗಿಂತ ಹಿರಿಯಳು ಮಾತ್ರ, ‘ಹೂಮಳೆ ಬಂದ ರಾತ್ರಿ ಹುಟ್ಟಿದ್ದು, ಅವ್ವ ಹೇಳಿದ್ದಷ್ಟೇ ಗೊತ್ತು’ ಎಂದಳು. ಹೂಮಳೆ ಎಂದರೆ ಕಾಫಿ ಗಿಡ ಹೂ ಬಿಡುವಂತೆ ಮಾಡುವ ಬೇಸಿಗೆಯ ಮಳೆ.

ಮ್ಯಾನೇಜರ್ ಎರಡು ದಿನ ಚೌಕಾಶಿ ಮಾಡಿ ಒಪ್ಪಿದರು: ಅವರವರ ದಿನ ಒಂದು ಗಂಟೆ ಮೊದಲು ಬಿಡುವುದು, ಕಾರ್ಖಾನೆಯ ಖರ್ಚಿನಲ್ಲಿ ಮನೆಗೊಯ್ಯಲು ಕಾಲು ಕಿಲೋ ಸಿಹಿ, ಕಚೇರಿಯವರಿಗೂ ಬೀಜ ಆರಿಸುವವರಿಗೂ ಒಂದೇ ಅಂಗಡಿಯದು. ಗೋಡೆಗೆ ಪಟ್ಟಿ ಇಲ್ಲ. ಬೇಡ ಎಂದವರ ಹೆಸರಿನ ಮುಂದೆ ಒಂದು ಗೀಟು, ಕಾರಣ ಕೇಳುವಂತಿಲ್ಲ.

ಹೂಮಳೆಯದು ಮಾತ್ರ ಬಗೆಹರಿಯಲಿಲ್ಲ. ಅದು ಒಂದು ವರ್ಷ ಫೆಬ್ರವರಿಗೇ ಬರುತ್ತದೆ, ಇನ್ನೊಂದು ವರ್ಷ ಏಪ್ರಿಲ್‌ವರೆಗೂ ಕಾಯಿಸುತ್ತದೆ. ಕಂಪ್ಯೂಟರಿಗೆ ತಾರೀಖು ಬೇಕೇ ಬೇಕು ಎಂದರು ಮ್ಯಾನೇಜರ್. ಆ ಜಾಗ ಖಾಲಿ ಬಿಟ್ಟಿದ್ದೇನೆ.

ಶುಕ್ರವಾರ ರಾತ್ರಿ ತಗಡಿನ ಮೇಲೆ ಒಂದೂವರೆ ಗಂಟೆ ಮಳೆ ಸುರಿಯಿತು. ಶನಿವಾರ ಬೆಳಿಗ್ಗೆ ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಆಕೆ ಗೇಟಿನ ಹತ್ತಿರ ಕಾದಿದ್ದಳು, ‘ಇವತ್ತು ನಾನು ನಾಲ್ಕು ಗಂಟೆಗೇ ಹೊರಡುತ್ತೇನೆ’ ಎಂದು ಹೇಳುವುದಕ್ಕೆ.